ನಾಲಾ ನೀರು ಕೆಟ್ಟಿದೆ, ಆಸ್ಪತ್ರೆಯಿಂದ ಬಂತಾ? ಲಕ್ಷಣ ನೋಡಿ ಮೂಲ ಹುಡುಕುವುದು ಹೇಗೆ

ಪುಣೆಯಲ್ಲಿ ನಾಲಾ ಪಕ್ಕದ ಸೊಸೈಟಿಗಳಲ್ಲಿರುವ ನಮ್ಮವರು ಆಗಾಗ ಕೇಳುತ್ತಾರೆ: "ನೀರಿನ ವಾಸನೆ ಬೇರೆ ಆಗಿದೆ, ಮೇಲ್ಗಡೆ ಒಂದು ಆಸ್ಪತ್ರೆ ಇದೆ, ಅದರದ್ದೇ ಇರಬಹುದಾ?" ಇರಬಹುದು, ಇಲ್ಲದೆಯೂ ಇರಬಹುದು. ನನ್ನ ಕೆಲಸ ಇಲ್ಲಿನ ಎಸ್‌ಟಿಪಿಗಳನ್ನು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು, ನೋಡಿಕೊಳ್ಳುವುದು. ಹಾಗಾಗಿ ಹುಡುಕುವ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ದುಡ್ಡು ಬೇಡದ ಪರೀಕ್ಷೆ ಮೊದಲು, ಲ್ಯಾಬಿನ ಖರ್ಚು ಆಮೇಲೆ.

ಇದು ಪುಣೆಯವರ ತಲೆನೋವು ಮಾತ್ರ ಅಲ್ಲ. ಖಡಕ್‌ವಾಸಲಾ ಅಣೆಕಟ್ಟಿನಿಂದ ಬರುವ ಮುಠಾ ನದಿ ಊರೊಳಗೆ ಮುಳಾ ನದಿ ಸೇರುತ್ತದೆ, ಮುಳಾ-ಮುಠಾ ಮುಂದೆ ಹೋಗಿ ಭೀಮೆಗೆ ಬೀಳುತ್ತದೆ, ಆ ಭೀಮೆ ಉಜನಿ, ಪಂಢರಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರದ ಸಂಗಮದಲ್ಲಿ ಜನ ಮುಳುಗು ಹಾಕುವುದು ಇದೇ ನದಿಯಲ್ಲಿ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿನ ನಾಲಾ ಕೆಡಲು ದೊಡ್ಡ ಕಾರಣ ಮನೆಗಳ ಕೊಳಚೆ. ಅದರ ಮುಂದೆ ಆಸ್ಪತ್ರೆ ನೀರಿನ ಪ್ರಮಾಣ ಸಣ್ಣದು. ಆದರೆ ಆ ಸಣ್ಣ ಪ್ರಮಾಣದಲ್ಲಿ ಔಷಧಿ, ಸೋಂಕುನಾಶಕ, ಔಷಧಿಗೆ ಬಗ್ಗದ ರೋಗಾಣು ದಟ್ಟವಾಗಿರುತ್ತವೆ. ಇನ್ನೊಂದು, ಇದೇ ಮುಖ್ಯ: ಆಸ್ಪತ್ರೆ ನೀರಿನಲ್ಲಿ ಅತಿ ಅಪಾಯದ ಭಾಗಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಣ್ಣು ಮೂಗಿಗೆ ಸಿಗುವ ಲಕ್ಷಣ ಪೈಪ್ ಯಾವುದು ಅಂತ ತೋರಿಸುತ್ತದೆ. ನೀರು ತಿಳಿಯಾಯಿತು ಅಂದ ಮಾತ್ರಕ್ಕೆ ಸರಿಯಾಯಿತು ಅಂತಲ್ಲ.

ಹೊರಡುವ ಮೊದಲು

ಮ್ಯಾನ್‌ಹೋಲ್ ಅಥವಾ ಚೇಂಬರ್ ಒಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಬಗ್ಗಿ ತಲೆ ಹಾಕುವುದೂ ಬೇಡ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿ ಆದಾಗ ಅದು ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ಹೋಯಿತು ಅಂದುಕೊಂಡ ಕ್ಷಣದಲ್ಲೇ ಪ್ರಾಣ ಹೋಗಬಹುದು. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಸತ್ತ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ದುಡ್ಡು ಕೊಟ್ಟು ಬೇರೆಯವರನ್ನು ಇಳಿಸುವುದಂತೂ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ.

ದಪ್ಪ ರಬ್ಬರ್ ಗ್ಲೌಸ್, ಗಮ್‌ಬೂಟ್, ಹಗ್ಗ ಕಟ್ಟಿದ ಸಣ್ಣ ಬಕೆಟ್, ಪಾರದರ್ಶಕ ಗಾಜಿನ ಲೋಟ, ನೀರು ಹುಳಿಯೋ ಕ್ಷಾರವೋ ತೋರಿಸುವ ಪಿಎಚ್ ಪಟ್ಟಿ, ಈಜುಕೊಳಕ್ಕೆ ಬಳಸುವ ಕ್ಲೋರಿನ್ ಕಿಟ್, ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಒಂದು ಟಿಡಿಎಸ್ ಪೆನ್. ಇಷ್ಟು ಸಾಕು. ಕೈಯಲ್ಲಿ ಗಾಯ ಇದ್ದವರು ನೀರಿನ ಹತ್ತಿರ ಹೋಗಬೇಡಿ.

ಹುಡುಕಲು ಒಳ್ಳೆ ಕಾಲ ಜನವರಿಯಿಂದ ಮೇ. ಅಣೆಕಟ್ಟಿನಿಂದ ನೀರು ಬಿಡದೆ ಇರುವಾಗ ಮುಠಾದಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಮಳೆಗಾಲದಲ್ಲಿ ಎಲ್ಲ ತೆಳುವಾಗಿ ಏನೂ ಗೊತ್ತಾಗುವುದಿಲ್ಲ.

ಲಕ್ಷಣ: ಬ್ಲೀಚಿಂಗ್ ಪೌಡರ್ ವಾಸನೆ

ಇದು ಬಹಳ ಉಪಯೋಗದ ಲಕ್ಷಣ. ಕೊಳಚೆಯಲ್ಲಿರುವ ಅಮೋನಿಯಾ ಮತ್ತು ಹೊಲಸು ಕ್ಲೋರಿನ್ನನ್ನು ಬೇಗ ತಿಂದುಹಾಕುತ್ತವೆ. ಅಂದರೆ ತೆರೆದ ನಾಲಾದಲ್ಲೂ ವಾಸನೆ ಮೂಗಿಗೆ ಬಡಿಯುತ್ತಿದ್ದರೆ, ಸುರಿದವರು ಹತ್ತಿರದಲ್ಲೇ ಇದ್ದಾರೆ, ಸುರಿದದ್ದೂ ಜಾಸ್ತಿ.

ಮೊದಲು ವಾರವಿಡೀ ಸಮಯ ಬರೆದಿಡಿ. ಮನೆಗಳ ನೀರು ಬೆಳಗ್ಗೆ ಮತ್ತು ಸಂಜೆ ಏರುತ್ತದೆ. ಆಸ್ಪತ್ರೆಯಲ್ಲಿ ವಾರ್ಡ್ ಒರೆಸುವುದು, ಆಪರೇಷನ್ ಥಿಯೇಟರ್ ತೊಳೆಯುವುದು, ಬಟ್ಟೆ ಒಗೆಯುವುದು ಇವಕ್ಕೆಲ್ಲ ನಿಗದಿ ಹೊತ್ತು ಇರುತ್ತದೆ. ಒಂದು ಸೊಸೈಟಿಯಲ್ಲಿ ಎಲ್ಲರೂ ಈಜುಕೊಳವನ್ನು ಬೈಯುತ್ತಿದ್ದರು. ಅಫಜಲಪುರ ಕಡೆಯ ವಾಚ್‌ಮನ್ ಒಬ್ಬರು ಒಂದೇ ಮಾತಿನಲ್ಲಿ ದಾರಿ ತೋರಿಸಿದರು: "ಹಗಲ ಏನೂ ಇರಂಗಿಲ್ರೀ ಅಣ್ಣಾ, ರಾತ್ರಿ ಹನ್ನೊಂದರ ಮ್ಯಾಲ ಬರ್ತದ, ಬಿಸಿ ಹಬಿ ಸೈತ ಏಳ್ತದ." ಬಿಸಿ ನೀರು, ಕ್ಲೋರಿನ್, ಅದೂ ರಾತ್ರಿ. ಈಜುಕೊಳ ಅಲ್ಲ, ಲಾಂಡ್ರಿ. ಮೇಲ್ಗಡೆಯ ನರ್ಸಿಂಗ್ ಹೋಮ್ ಒಂದರ ಒಗೆಯುವ ಮಷಿನ್ ಪೈಪನ್ನು ಯಾರೋ ಪ್ಲಂಬರ್ ಡ್ರೇನೇಜಿಗೆ ಜೋಡಿಸದೆ ಹತ್ತಿರದಲ್ಲಿದ್ದ ಮಳೆನೀರಿನ ಗಟಾರಕ್ಕೆ ಜೋಡಿಸಿದ್ದರು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಪ್ರಕರಣಗಳ ಬುಡದಲ್ಲಿ ಇಂಥದ್ದೇ ಒಂದು ತಪ್ಪು ಜೋಡಣೆ ಇರುತ್ತದೆ.

ಸಮಯ ಗೊತ್ತಾದ ಮೇಲೆ ಕಿಟ್ ತೆಗೆಯಿರಿ. ನಾಲಾದ ನಡುವೆ ಪರೀಕ್ಷೆ ಮಾಡಿದರೆ ಸೊನ್ನೆ ಬರಬಹುದು. ಪೈಪ್ ಬಾಯಿಯಲ್ಲಿ ಬೀಳುವ ನೀರನ್ನೇ ಹಿಡಿಯಬೇಕು. ಕಿಟ್ಟಿನಲ್ಲಿರುವುದು ಡಿಪಿಡಿ ಮಾತ್ರೆಯಾದರೆ ನೀರು ಗುಲಾಬಿಯಾಗುತ್ತದೆ, ಓಟಿ (ಆರ್ಥೊಟಾಲಿಡಿನ್) ದ್ರಾವಣವಾದರೆ ಹಳದಿ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಓಟಿ ದ್ರಾವಣ ವಿಷ, ಕೈಗೆ ತಾಗಿಸಿಕೊಳ್ಳಬೇಡಿ.

ಫಿನಾಯಿಲ್ ವಾಸನೆಯಿಂದ ಏನೂ ತೀರ್ಮಾನ ಮಾಡಲಾಗದು. ಅದು ಎಲ್ಲರ ಮನೆಯಲ್ಲೂ ಇದೆ. ಕೊಳೆತ ಮೊಟ್ಟೆಯ ವಾಸನೆ ಅಂದರೆ ನೀರಿನಲ್ಲಿ ಆಮ್ಲಜನಕ ಮುಗಿದಿದೆ ಅಂತ, ಅದಕ್ಕೆ ಮಾಮೂಲಿ ಕೊಳಚೆಯೇ ಸಾಕು.

ಲಕ್ಷಣ: ನೊರೆ

ನೊರೆ ಕಂಡ ಕೂಡಲೇ ಆಸ್ಪತ್ರೆ ಅನ್ನಬೇಡಿ. ನೊರೆಗೆ ಸಾಮಾನ್ಯ ಕಾರಣ ಸೋಪು, ಡಿಟರ್ಜೆಂಟ್. ಆಳಂದಿಯ ಇಂದ್ರಾಯಣಿ ನದಿಯೂ ನೊರೆಗಟ್ಟುತ್ತದೆ. ನೊರೆ ಜೊತೆಗೆ ಜಲಪರ್ಣಿ, ಅಂದರೆ ನಮ್ಮ ಅಂತರಗಂಗೆ, ದಟ್ಟವಾಗಿ ಹಬ್ಬಿದ್ದರೆ ಅದು ಹಳೆಯ ಕಾಯಿಲೆ, ಊರಿನ ಕೊಳಚೆಯದು. ಒಂದೇ ಪೈಪಿನಿಂದ, ಒಂದೇ ಹೊತ್ತಿಗೆ, ಬಿಸಿಯಾಗಿ ಬಂದರೆ ಮಾತ್ರ ಲಾಂಡ್ರಿ ಹುಡುಕಿ.

ಲಕ್ಷಣ: ವಿಚಿತ್ರ ಬಣ್ಣ

ಪೆಥಾಲಜಿ ಲ್ಯಾಬಿನಲ್ಲಿ ಕ್ರಿಸ್ಟಲ್ ವಯೊಲೆಟ್ (ನೇರಳೆ), ಮೆಥಿಲೀನ್ ಬ್ಲೂ (ನೀಲಿ), ಇಯೊಸಿನ್ (ಗುಲಾಬಿ) ಬಳಸುತ್ತಾರೆ. ಇವು ಸಿಂಕಿನಿಂದ ಹೋದರೆ ಸ್ವಲ್ಪ ಹೊತ್ತು ಬಣ್ಣದ ಗೆರೆ ಕಂಡು ಮಾಯವಾಗುತ್ತದೆ. ದಿನವಿಡೀ ಬಣ್ಣ ಹರಿಯುತ್ತಿದ್ದರೆ ಅದು ಲ್ಯಾಬ್ ಅಲ್ಲ, ಬಟ್ಟೆಗೆ ಬಣ್ಣ ಹಾಕುವವರೋ ಪ್ರಿಂಟಿಂಗ್‌ನವರೋ ಇರಬೇಕು. ಖರ್ಚಿಲ್ಲದ ಪರೀಕ್ಷೆ ಒಂದಿದೆ: ಭಾನುವಾರ ನೋಡಿ. ಓಪಿಡಿ (ಹೊರರೋಗಿ ವಿಭಾಗ) ಬಂದ್ ಇರುವ ದಿನ ಬಣ್ಣವೂ ಬಂದ್ ಆದರೆ, ಎರಡು ಮೂರು ವಾರ ಹಾಗೇ ಆದರೆ, ಲ್ಯಾಬ್ ಮೇಲೆ ಅನುಮಾನ ಗಟ್ಟಿ.

ಕೆಂಪು ಕಂಡರೆ ಜನ "ರಕ್ತ" ಅಂತ ಹೆದರುತ್ತಾರೆ. ರಕ್ತ ಕೊಳಚೆಯಲ್ಲಿ ಬೆರೆತರೆ ಬೇಗ ಕಂದಾಗುತ್ತದೆ. ದೂರದವರೆಗೂ ಹೊಳೆಯುವ ಕೆಂಪು ಉಳಿದರೆ ಅದು ಬಣ್ಣದ ಪುಡಿಯೇ ಇರಬಹುದು.

ಹಾಲಿನಂಥ ಬಿಳಿ ನೀರು ಬಂದರೆ ಲೋಟದಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಬಿಳಿ ಹಿಟ್ಟು ಕುಳಿತರೆ ಮಾರ್ಬಲ್ ಕತ್ತರಿಸಿದ ನೀರು. ಹಾಲು ಹಾಲಾಗಿಯೇ ಉಳಿದರೆ ಫಿನಾಯಿಲ್ ಥರದ್ದು.

ಇನ್ನು ಆಸ್ಪತ್ರೆ ಪೈಪಿನಿಂದ ತಿಳಿ ನೀರು ಸದಾ ಸುರಿಯುತ್ತಿದ್ದರೆ ಟಿಡಿಎಸ್ ಪೆನ್ ಅದ್ದಿ, ಮನೆಯ ನಲ್ಲಿ ನೀರಿನ ಜೊತೆ ಹೋಲಿಸಿ. ನಲ್ಲಿಗಿಂತ ತುಂಬಾ ಕಡಿಮೆ ಬಂದರೆ ಎಸಿಯಿಂದ ತೊಟ್ಟಿಕ್ಕಿದ ನೀರು. ಜಾಸ್ತಿ ಬಂದು ಬೇರೆ ವಾಸನೆ ಇಲ್ಲದಿದ್ದರೆ ಡಯಾಲಿಸಿಸ್ ವಿಭಾಗದ ಆರ್‌ಒ ಫಿಲ್ಟರ್ ಹೊರಬಿಟ್ಟ ನೀರು ಇರಬಹುದು. ಅದು ಉಪ್ಪುಪ್ಪು, ರೋಗದ ಭಯ ಇಲ್ಲ. ಸುಮ್ನೆ ದೂರು ಕೊಟ್ಟು ಮರ್ಯಾದೆ ಕಳೆದುಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ.

ಲಕ್ಷಣ: ಹತ್ತಿ, ಬ್ಯಾಂಡೇಜ್, ಸಿರಿಂಜ್

ಇದು ಬೇರೆ ದೋಷ. ಕಸ ಬೇರ್ಪಡಿಸುವಲ್ಲಿ ತಪ್ಪಾಗಿದೆ. ಒಂದೆರಡು ಇನ್ಸುಲಿನ್ ಸೂಜಿ ಮನೆಯಿಂದಲೂ ಬರುತ್ತದೆ. ಸಲೈನ್ ಟ್ಯೂಬ್, ರಕ್ತದ ಸ್ಯಾಂಪಲ್ ಟ್ಯೂಬ್, ಗಾಜ್ ಬಟ್ಟೆಯ ಉಂಡೆಗಳು ಒಟ್ಟಿಗೆ ಕಂಡರೆ ಮಾತ್ರ ದವಾಖಾನೆಯದು. ಫೋಟೋ ತೆಗೆಯಿರಿ, ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ.

ಸೂಜಿ ಚುಚ್ಚಿದರೆ ಅಲ್ಲಿಗೆ ಎಲ್ಲ ಹುಡುಕಾಟ ನಿಲ್ಲಿಸಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿ ಹೀರಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಮೊದಲ ಕೆಲವು ಗಂಟೆಗಳಲ್ಲೇ ಶುರುವಾಗಬೇಕು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆಯನ್ನೂ ಕೇಳಿ.

ಲಕ್ಷಣ: ಮೀನು ಸತ್ತು ತೇಲುತ್ತಿವೆ

ಸಾಮಾನ್ಯವಾಗಿ ಕಾರಣ ಆಮ್ಲಜನಕ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಮೀನಿಗೆ ಕಷ್ಟ ಶುರು. ಬೇಸಿಗೆಯ ಬೆಳಗಿನ ಜಾವ, ಅಥವಾ ಮೊದಲ ಮಳೆಗೆ ನಾಲಾದ ಕೆಸರೆಲ್ಲ ಒಮ್ಮೆಲೇ ನದಿಗೆ ನುಗ್ಗಿದಾಗ ಹೀಗಾಗುತ್ತದೆ. ಆದರೆ ನೀರು ಕಪ್ಪಾಗಿಲ್ಲ, ವಾಸನೆ ಇಲ್ಲ, ಒಂದೇ ಪೈಪಿನ ಕೆಳಗಷ್ಟೇ ಮೀನು ಸತ್ತಿವೆ ಅಂದರೆ ಕ್ಲೋರಿನ್ ನೋಡಿ. ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್ನೂ ಮೀನಿಗೆ ಸಾಕು. "ನಾವು ಚೆನ್ನಾಗಿ ಕ್ಲೋರಿನ್ ಹಾಕುತ್ತೇವೆ" ಅಂತ ಆಸ್ಪತ್ರೆಯವರು ಹೆಮ್ಮೆಯಿಂದ ಹೇಳುವ ಕಡೆಯೇ ಇದು ಆಗುವುದುಂಟು. ಆ ಮೀನನ್ನು ತಿನ್ನಬೇಡಿ, ಮಾರಲು ಬಿಡಬೇಡಿ.

ಲಕ್ಷಣ: ಏನೂ ಕಾಣುತ್ತಿಲ್ಲ, ಆದರೂ ಅನುಮಾನ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ರೋಗಿಗೆ ಕೊಟ್ಟ ಆ್ಯಂಟಿಬಯಾಟಿಕ್ ಪೂರ್ತಿ ಮೈಯಲ್ಲಿ ಉಳಿಯುವುದಿಲ್ಲ, ಒಂದು ಪಾಲು ಮೂತ್ರ, ಮಲದಲ್ಲಿ ಹಾಗೇ ಹೊರಬರುತ್ತದೆ. ಅದರ ಜೊತೆಗೇ ಆ ಔಷಧಿಗೆ ಸಾಯದೆ ಉಳಿದ ಬ್ಯಾಕ್ಟೀರಿಯಾವೂ ಬರುತ್ತವೆ. ಆಸ್ಪತ್ರೆಯ ಡ್ರೇನೇಜ್ ಪೈಪಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಅಲ್ಲಿ ಒಂದು ಬ್ಯಾಕ್ಟೀರಿಯಾ ತನ್ನ ತಡೆಯುವ ಶಕ್ತಿಯ ಜೀನನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಎಸ್‌ಟಿಪಿಗಳನ್ನು ಕಟ್ಟಿರುವುದು ಹೊಲಸು ತೆಗೆಯಲು, ಔಷಧಿ ತೆಗೆಯಲು ಅಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಎಸ್‌ಟಿಪಿಯಲ್ಲಿ ಹೆಚ್ಚುಕಡಿಮೆ ಹಾಗೇ ದಾಟಿಹೋಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಬಹುಪಾಲು ಕೆಸರಿಗೆ ಅಂಟಿಕೊಳ್ಳುತ್ತದೆ.

ಇದೇ ಮುಠಾ ನದಿಯ ಕೆಸರಿನ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಊರಿಗೆ ಬರುವ ಮೊದಲಿನ ಕೆಸರಿಗಿಂತ ಊರೊಳಗಿನ ಕೆಸರಿನಲ್ಲಿ ಔಷಧಿ ತಡೆಯುವ ಜೀನುಗಳು ತುಂಬಾ ಜಾಸ್ತಿ ಸಿಕ್ಕವು. ಬೇರೆ ಔಷಧಿ ನಾಟದಿದ್ದಾಗ ಕಡೆಗೆ ಕೊಡುವ ಕಾರ್ಬಪೆನೆಮ್ ಗುಂಪಿಗೂ ಬಗ್ಗದ ಜೀನುಗಳು ಅದರಲ್ಲಿದ್ದವು. ಅಲ್ಲಿ ಬೆರೆತದ್ದು ಶುದ್ಧ ಮಾಡದ ಊರಿನ ಕೊಳಚೆ. ಎಲ್ಲವನ್ನೂ ಆಸ್ಪತ್ರೆಯ ತಲೆಗೆ ಕಟ್ಟಲಾಗದು. ಮಾತ್ರೆ ತಗೊಂಡು ಮನೆಯಲ್ಲಿರುವವರ ಶೌಚವೂ ಅದೇ ನದಿಗೆ ಹೋಗುತ್ತದೆ ಅಲ್ವಾ. ಆದರೆ ಮೆರೊಪೆನೆಮ್, ಕೊಲಿಸ್ಟಿನ್‌ನಂಥ ಇಂಜೆಕ್ಷನ್ ಹೆಚ್ಚಾಗಿ ಆಸ್ಪತ್ರೆಯಲ್ಲೇ ಕೊಡುತ್ತಾರೆ. ಅವು ನೀರಿನಲ್ಲಿ ಸಿಕ್ಕರೆ ಬೆರಳು ಆಸ್ಪತ್ರೆ ಕಡೆಗೇ ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದ್ದು ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಪರೀಕ್ಷೆ ಮಾತ್ರ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇದೆ ಅಂತ ಅರ್ಥ. ನಾಲಾದಲ್ಲಿ ಹೇಗೂ ಕಪ್ಪಾಗುತ್ತದೆ. ಬಾವಿ, ಬೋರ್‌ವೆಲ್‌ಗೆ ಬಳಸಿ.

ಮುಂದಿನದು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್. ಸ್ಯಾಂಪಲ್ ಒಂದು ಸಾಲದು, ಮೂರು ಬೇಕು: ಪೈಪಿನ ಮೇಲ್ಗಡೆಯ ನಾಲಾ, ಪೈಪಿನ ಬಾಯಿ, ಕೆಳಗಡೆ ಬೆರೆತ ಮೇಲೆ. ಮೂರೂ ಒಂದೇ ಹೊತ್ತಿನಲ್ಲಿ. ಮೇಲ್ಗಡೆಯದೂ ಕೆಳಗಡೆಯದೂ ಒಂದೇ ಥರ ಕೆಟ್ಟಿದ್ದರೆ ನೀವು ಅನುಮಾನಪಟ್ಟ ಪೈಪ್ ಮುಖ್ಯ ಕಾರಣ ಅಲ್ಲ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ, ಅದರಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿದ್ದಾರಾ ಕೇಳಿ. ಅದು ಕ್ಲೋರಿನ್ನನ್ನು ಅಲ್ಲೇ ತಟಸ್ಥ ಮಾಡುತ್ತದೆ. ಇಲ್ಲದಿದ್ದರೆ ನೀವು ಬೈಕಿನಲ್ಲಿ ಲ್ಯಾಬ್ ಮುಟ್ಟುವಷ್ಟರಲ್ಲಿ ಬಾಟಲಿಯೊಳಗಿನ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತಾ ಇರುತ್ತದೆ, ರಿಪೋರ್ಟ್ ಚೊಕ್ಕಟವಾಗಿ ಬರುತ್ತದೆ, ನದಿಗೆ ಹೋಗಿದ್ದು ಮಾತ್ರ ಚೊಕ್ಕಟ ಇರುವುದಿಲ್ಲ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ.

ರಿಪೋರ್ಟ್ ಓದುವಾಗ ಹೋಲಿಸಬೇಕಾದ ಮಿತಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿವೆ. ಪಿಎಚ್ 6.5ರಿಂದ 9, ತೇಲುವ ಕಣ 100, ಎಣ್ಣೆ-ಜಿಡ್ಡು 10, ಬಿಒಡಿ (ಹೊಲಸನ್ನು ಅರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) 30, ಸಿಒಡಿ (ಅದನ್ನೇ ರಾಸಾಯನಿಕದಿಂದ ಪೂರ್ತಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) 250, ಎಲ್ಲ ಲೀಟರಿಗೆ ಮಿಲಿಗ್ರಾಂನಲ್ಲಿ (ಪಿಎಚ್ ಬಿಟ್ಟು). ಜೊತೆಗೆ, ಆ ನೀರಿನಲ್ಲೇ ಬಿಟ್ಟ ಮೀನುಗಳಲ್ಲಿ 96 ಗಂಟೆಯ ನಂತರ ಶೇ. 90 ಬದುಕಿರಬೇಕು. ಕೊನೆಯಲ್ಲಿ ಎಸ್‌ಟಿಪಿ ಇರುವ ಸಾರ್ವಜನಿಕ ಒಳಚರಂಡಿಗೆ ಬಿಡುವ ಆಸ್ಪತ್ರೆಗೆ ಮಿತಿಗಳು ಬೇರೆ, ಅದನ್ನು ಮರೆಯಬೇಡಿ. ಇನ್ನೊಂದು ಸುಳಿವು: ಮನೆ ಕೊಳಚೆಯಲ್ಲಿ ಸಿಒಡಿ ಸುಮಾರಾಗಿ ಬಿಒಡಿಯ ಎರಡು ಪಟ್ಟು ಇರುತ್ತದೆ. ಶುದ್ಧ ಮಾಡದ ನೀರಿನಲ್ಲೇ ಅದು ನಾಲ್ಕೈದು ಪಟ್ಟು ಬಂದರೆ ಬ್ಯಾಕ್ಟೀರಿಯಾಗೆ ಅರಗದ ರಾಸಾಯನಿಕ ಇದೆ.

ಈ ಪಟ್ಟಿಯಲ್ಲಿ ಆ್ಯಂಟಿಬಯಾಟಿಕ್‌ಗೆ ಮಿತಿಯೇ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ಎಲ್ಲ ಅಂಕಿ ಸರಿಯಿದ್ದ ಆಸ್ಪತ್ರೆಯ ನೀರಿನಲ್ಲೂ ಅದು ಇರಬಹುದು.

ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್-131 ಕೊಡುವ ಆಸ್ಪತ್ರೆಗಳ ಬಗ್ಗೆಯೂ ಕೇಳುತ್ತಾರೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಸಮಯ, 8 ದಿನ. ಆ ರೋಗಿಗಳ ಶೌಚದ ನೀರನ್ನು ಬೇರೆ ಟ್ಯಾಂಕಿನಲ್ಲಿ ಕೂಡಿಟ್ಟು ಆಮೇಲೆ ಬಿಡಬೇಕು. ಅದರ ಮೇಲೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಗಾ ಇರುತ್ತದೆ. ಇದು ನಾವು ನೀವು ಪರೀಕ್ಷೆ ಮಾಡುವ ವಿಷಯ ಅಲ್ಲ.

ನರ್ಸಿಂಗ್ ಹೋಮಿನಲ್ಲಿ ಮೇಂಟೆನೆನ್ಸ್ ನೋಡುವವರಿಗೆ

ನಿಮ್ಮ ಎಸ್‌ಟಿಪಿ ಪ್ಲಾಂಟ್ ಹೊಸದು, ಆದರೂ ಹೊರಬರುವ ನೀರು ಮಬ್ಬು. ಮೊದಲು ಗಾಳಿ ಊದುವ ಬ್ಲೋವರ್ ಓಡುತ್ತಿದೆಯಾ ನೋಡಿ. ಕರೆಂಟ್ ಬಿಲ್ ಉಳಿಸಲು ರಾತ್ರಿ ಆಫ್ ಮಾಡುವವರಿದ್ದಾರೆ, ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ. ಆಮೇಲೆ ನೀರನ್ನು ಶುದ್ಧ ಮಾಡದೆ ಹೊರಗೆ ಬಿಡುವ ಬೈಪಾಸ್ ವಾಲ್ವ್ ಮುಚ್ಚಿದೆಯಾ ನೋಡಿ. ಎರಡೂ ಸರಿಯಿದ್ದರೆ ಗಾಳಿ ಟ್ಯಾಂಕಿನ ನೀರನ್ನು ಒಂದು ಲೀಟರಿನ ಅಳತೆ ಜಾರಿನಲ್ಲಿ ತುಂಬಿ 30 ನಿಮಿಷ ಇಡಿ. ಚಾಕೊಲೇಟ್ ಬಣ್ಣದ ಕೆಸರು 200ರಿಂದ 400 ಮಿಲಿ ಗೆರೆಯವರೆಗೆ ಇಳಿದು ಮೇಲೆ ತಿಳಿ ನೀರು ನಿಂತು, ಮಣ್ಣಿನ ವಾಸನೆ ಬಂದರೆ ಆರೋಗ್ಯ ಚೆನ್ನಾಗಿದೆ. ಕಪ್ಪಾಗಿ ನಾರಿದರೆ ಗಾಳಿ ಸಾಲದು. ಬೂದು ಬಣ್ಣಕ್ಕೆ ತಿರುಗಿ, ಮೇಲಿನ ನೀರು ಮಬ್ಬಾಗಿಯೇ ಉಳಿದು, ಟ್ಯಾಂಕಿನ ಮೇಲೆ ಬಿಳಿ ನೊರೆ ಎದ್ದರೆ ಯಾರೋ ವಾರ್ಡಿನಿಂದ ಬಕೆಟ್‌ಗಟ್ಟಲೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ದ್ರವ) ಅಥವಾ ಫಿನಾಯಿಲ್ ಸುರಿದು ಬ್ಯಾಕ್ಟೀರಿಯಾ ಕೊಂದಿದ್ದಾರೆ. ಎಂಬಿಬಿಆರ್ ಪ್ಲಾಂಟ್ (ತೇಲುವ ಪ್ಲಾಸ್ಟಿಕ್ ತುಂಡುಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಯುವ ಬಗೆ) ಆದರೆ ಕೆಸರು ಹೇಗೂ ಕಡಿಮೆ, ಈ ಜಾರ್ ಪರೀಕ್ಷೆ ಅಷ್ಟು ಹೇಳುವುದಿಲ್ಲ.

ಪರಿಹಾರ ದುಬಾರಿ ಅಲ್ಲ. ಹೌಸ್‌ಕೀಪಿಂಗ್ ಅಕ್ಕಂದಿರನ್ನು, ಲ್ಯಾಬಿನವರನ್ನು ಕೂರಿಸಿಕೊಂಡು ಮಾತಾಡಿ. ಲ್ಯಾಬಿನ ಸೋಂಕಿನ ದ್ರವವನ್ನು ಅಲ್ಲೇ ಹೈಪೋದಲ್ಲಿ ಸಂಸ್ಕರಿಸಬೇಕು, ರಾಸಾಯನಿಕ ದ್ರವಕ್ಕೆ ಬೇರೆ ಪೈಪ್ ಲೈನ್ ಬೇಕು, ಒಟ್ಟು ನೀರಿಗೆ ಕ್ಲೋರಿನ್ ಹಾಕುವುದು ಶುದ್ಧೀಕರಣದ ಕೊನೆಗೆ. ನೀರು ಮಬ್ಬಿದ್ದಾಗ ಎಷ್ಟು ಕ್ಲೋರಿನ್ ಹಾಕಿದರೂ ಕಣದ ಒಳಗೆ ಅಡಗಿದ ರೋಗಾಣು ಸಾಯದು. ಹೈಪೋ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಹತ್ತು ಹಾಸಿಗೆಗಿಂತ ಸಣ್ಣದು, ನಮಗೆ ಅನ್ವಯಿಸದು ಅನ್ನುವವರಿಗೆ: ಸಣ್ಣವರೂ 2019ರ ಡಿಸೆಂಬರ್ 31ರೊಳಗೆ ಮೇಲೆ ಹೇಳಿದ 2016ರ ನಿಯಮಗಳ ಮಿತಿಗೆ ಬರಬೇಕಿತ್ತು.

ಬೋರ್‌ವೆಲ್ ಮತ್ತು ತೋಟ

ನಾಲಾ ಪಕ್ಕದ ಬೋರ್‌ವೆಲ್ ನೀರು ಎಚ್‌ಟುಎಸ್ ಬಾಟಲಿಯಲ್ಲಿ ಕಪ್ಪಾದರೆ ಕುಡಿಯುವುದನ್ನು ಆ ದಿನವೇ ನಿಲ್ಲಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಔಷಧಿ ಮತ್ತು ರಾಸಾಯನಿಕ ಹೋಗುವುದಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ, ನಾಂದೇಡ್, ಕಿರ್ಕಟ್‌ವಾಡಿ, ಧಾಯರಿಯಲ್ಲಿ ಜಿಬಿಎಸ್ (ಗಿಲೇನ್-ಬಾರೆ ಸಿಂಡ್ರೋಮ್, ನರಗಳು ಸೋಲುವ ಕಾಯಿಲೆ) ಹಬ್ಬಿದಾಗ ಅನುಮಾನ ಹೋದದ್ದು ಮಲ ಬೆರೆತ ಕುಡಿಯುವ ನೀರಿನ ಮೇಲೆ. ಮನೆಯಲ್ಲಿ ಯಾರಿಗಾದರೂ ಭೇದಿಯ ನಂತರ ಕೈಕಾಲು ಜುಮ್ಮೆಂದು ಬಲ ಕಡಿಮೆಯಾದರೆ ನೀರಿನ ಪರೀಕ್ಷೆ ಆಮೇಲೆ, ಮೊದಲು 108.

ಮಾಂಜರಿ, ಲೋಣಿ ಕಡೆ ನದಿ ನೀರಿನಿಂದ ಸೊಪ್ಪು ಬೆಳೆಯುವವರು ನೀರನ್ನು ಎಲೆ ಮೇಲೆ ಚಿಮುಕಿಸದೆ ಬುಡಕ್ಕೆ ಬಿಟ್ಟರೆ, ಕೊಯ್ಲಿಗೆ ಕೆಲವು ದಿನ ಮೊದಲು ನಿಲ್ಲಿಸಿದರೆ, ರೋಗಾಣುವಿನ ಭಯ ಎಷ್ಟೋ ಕಡಿಮೆ.

ಎಲ್ಲಿಗೆ ನಿಲ್ಲಿಸಿ ಯಾರಿಗೆ ಹೇಳಬೇಕು

ಪೈಪ್ ಆಸ್ಪತ್ರೆ ಕಾಂಪೌಂಡಿನೊಳಗೆ ಹೋದ ಜಾಗದಲ್ಲಿ ನಿಮ್ಮ ಕೆಲಸ ಮುಗಿಯಿತು. ಒಳಗೆ ನುಗ್ಗಬೇಡಿ. ಮೊದಲು ಆಸ್ಪತ್ರೆಯ ಆಡಳಿತದವರಿಗೆ ಸೊಸೈಟಿ ಲೆಟರ್‌ಹೆಡ್‌ನಲ್ಲಿ ಬರೆಯಿರಿ. ಎಷ್ಟೋ ಸಲ ಅವರಿಗೇ ತಪ್ಪು ಜೋಡಣೆ ಗೊತ್ತಿರುವುದಿಲ್ಲ. ಅವರು ಒಪ್ಪಿದರೆ ಅವರದೇ ಪ್ಲಂಬರ್ ಒಳಗಿನ ಸಿಂಕು, ಶೌಚಕ್ಕೆ ಒಂದೊಂದಾಗಿ ಬಣ್ಣ ಹಾಕಿ ನೀರು ಬಿಡಲಿ, ನೀವು ಹೊರಗೆ ಗಟಾರದ ಬಾಯಲ್ಲಿ ನೋಡಿ. ಬಣ್ಣ ಮಳೆನೀರಿನ ಗಟಾರದಲ್ಲಿ ಕಂಡ ಕ್ಷಣ ದೋಷ ಸಿಕ್ಕಿತು.

ಉತ್ತರ ಬರದಿದ್ದರೆ ಗಟಾರ ಜೋಡಣೆಯ ದೂರು ಪುಣೆ ಮಹಾನಗರಪಾಲಿಕೆಗೆ (ಪಿಎಂಸಿ), ಅದರ ಪಿಎಂಸಿ ಕೇರ್ ಆ್ಯಪಿನಲ್ಲೂ ಹಾಕಬಹುದು. ನೀರಿನ ಗುಣಮಟ್ಟದ ದೂರು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಪುಣೆಯ ಕಚೇರಿ ವಾಕಡೇವಾಡಿಯಲ್ಲಿದೆ. ನಿಮ್ಮ ಸ್ಯಾಂಪಲ್ ರಿಪೋರ್ಟ್ ಅನುಮಾನಕ್ಕೆ ಆಧಾರ ಅಷ್ಟೇ, ಕಾನೂನಿನ ಕ್ರಮಕ್ಕೆ ಮಂಡಳಿಯವರೇ ಬಂದು ಸ್ಯಾಂಪಲ್ ತೆಗೆಯಬೇಕು. ಅದಕ್ಕೇ ದೂರಿನಲ್ಲಿ ಸಮಯವನ್ನು ದೊಡ್ಡದಾಗಿ ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಬರುವ ನೀರನ್ನು ಬೆಳಗ್ಗೆ ಹನ್ನೊಂದಕ್ಕೆ ಬಂದು ಹಿಡಿದರೆ ಏನೂ ಸಿಗುವುದಿಲ್ಲ. ದೂರು ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಬರೆಯಲು ಬಾರದಿದ್ದರೆ ಇಲ್ಲೇ ಶಾಲೆ ಓದಿದ ನಿಮ್ಮ ಮಕ್ಕಳ ಕೈಯಲ್ಲಿ ಬರೆಸಿ, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ.